ಚೆಕ್ ಭಾಷೆಯಲ್ಲಿ ಮುತ್ತಜ್ಜನಿಗೆ ಏನಂತಾರೆ? ನಮ್ಮ ಹಾಗೆ ಚಿಕ್ಕಪ್ಪ, ಮಾವ ಬೇರೆ ಬೇರೆಯಾ?

ಚೆಕ್ ದೇಶದ ಬ್ರ್ನೋ ನಗರದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಚೆಕ್ ಕಲಿಯಲು ಹೋಗಿ ಪಟ್ಟ ಪಾಡಿನ ಬಲದಲ್ಲಿ ಹೇಳುತ್ತಿದ್ದೇನೆ.

ಮುತ್ತಜ್ಜನ ಪ್ರಶ್ನೆ ಸುಲಭ. ಅಜ್ಜ ‘ದ್ಯೆದ’, ಅಜ್ಜಿ ‘ಬಬಿಚ್ಕ’. ಒಂದು ತಲೆಮಾರು ಮೇಲೆ ಹೋಗಬೇಕೆಂದರೆ ಮುಂದೆ ‘ಪ್ರ’ ಸೇರಿಸಿದರೆ ಆಯಿತು: ‘ಪ್ರದ್ಯೆದ’. ಅವನಪ್ಪ ‘ಪ್ರಪ್ರದ್ಯೆದ’. ನಾಲಿಗೆ ಸೋಲುವವರೆಗೂ ಸೇರಿಸುತ್ತಾ ಹೋಗಬಹುದು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಶ್ರಾದ್ಧದಲ್ಲಿ ಪುರೋಹಿತರು ಪಿತಾಮಹ ಆದಮೇಲೆ ಪ್ರಪಿತಾಮಹ ಅನ್ನುತ್ತಾರಲ್ಲ, ಅದೇ ‘ಪ್ರ’. ಸಂಸ್ಕೃತವೂ ಚೆಕ್ಕೂ ದೂರದ ದಾಯಾದಿಗಳು. ಕೆಳಗಡೆಗೂ ಹಾಗೇ, ಮೊಮ್ಮಗ ‘ವ್ನುಕ್’, ಮರಿಮಗ ‘ಪ್ರವ್ನುಕ್’. ಚೆಕ್ ದೇಶದ ಪೂರ್ವಭಾಗವಾದ ಮೊರಾವಿಯಾದ ಅತಿ ಎತ್ತರದ ಬೆಟ್ಟದ ಹೆಸರೂ ‘ಪ್ರದ್ಯೆದ್’, 1,491 ಮೀಟರ್ ಎತ್ತರದ ಮುತ್ತಜ್ಜ!

ನಾನು ಎಡವಿದ್ದು ಅಕ್ಕಪಕ್ಕದ ಸಂಬಂಧಗಳಲ್ಲಿ. ತರಗತಿಯಲ್ಲಿ ಮನೆಯವರ ಚಿತ್ರ ಬರೆದು ಕೆಳಗೆ ಸಂಬಂಧ ಬರೆಯಿರಿ ಅಂದರು. ಚಿಕ್ಕಪ್ಪನಿಗೆ ‘ಸ್ತ್ರೀತ್ಸ್’ ಅಂತ ಬರೆದು, ಸೋದರಮಾವನಿಗೆ ಏನು ಅಂತ ಕೇಳಿದೆ. ಅದೂ ‘ಸ್ತ್ರೀತ್ಸ್’ ಅಂದರು. ದೊಡ್ಡಪ್ಪ? ಅದೇ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ‘ತೆತ’. ನಮ್ಮ ಮಾವ ಇದನ್ನು ಕೇಳಿದ್ದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದರು.

ಆದರೆ ಮೊದಲು ಹೀಗಿರಲಿಲ್ಲ. ಹಳೇ ಚೆಕ್‌ನಲ್ಲಿ ‘ಸ್ತ್ರೀತ್ಸ್’ ಅಂದರೆ ಅಪ್ಪನ ಅಣ್ಣತಮ್ಮಂದಿರು ಮಾತ್ರ, ಅಮ್ಮನ ಕಡೆಯವನು ‘ಉಯೆತ್ಸ್’. ಪಕ್ಕದ ಸ್ಲೊವಾಕಿಯಾದಲ್ಲಿ ‘ಉಯೊ’ ಅಂತ ಇವತ್ತಿಗೂ ಕರೆಯುತ್ತಾರೆ. ಗಂಡನ ಅಣ್ಣತಮ್ಮಂದಿರಿಗೆ ‘ದ್ಯೆವೆರ್ಜ್’ ಅಂತ ಬೇರೆಯೇ ಪದ ಇತ್ತು, ಹಿಂದಿಯ ‘ದೇವರ್’ ಇದೆಯಲ್ಲ, ಎರಡರ ಬೇರೂ ಒಂದೇ. ಈಗ ಜರ್ಮನ್‌ನಿಂದ ಬಂದ ‘ಶ್ವಾಗ್ರ್’ ಆ ಜಾಗದಲ್ಲಿ ಕೂತಿದೆ, ಭಾವ, ಭಾವಮೈದುನ, ಮೈದುನ ಎಲ್ಲರಿಗೂ ಅದೊಂದೇ. ನನಗಂತೂ ಬೇಜಾರಾಯಿತು. ಸೊಸೆ ಮಾತ್ರ ಗಟ್ಟಿಯಾಗಿ ಉಳಿದಿದ್ದಾಳೆ: ‘ಸ್ನಖ’. ಸಂಸ್ಕೃತದ ‘ಸ್ನುಷಾ’ದ ನೆಂಟ ಪದ, ಕೊಂಕಣಿಯವರ ‘ಸೂನ್’ ಬಂದದ್ದೂ ಸ್ನುಷಾದಿಂದಲೇ.

ಇನ್ನು ಪೂರ್ವಜ ಅನ್ನುವುದಕ್ಕೆ ‘ಪ್ರ್ಶೆದೆಕ್’. ನಾವು ಹಿಂದಿನವರು ಅನ್ನುತ್ತೇವೆ, ಅವರ ಪದದಲ್ಲಿ ಹಿರಿಯರು ಮುಂದಿರುವವರು, ವಂಶದ ಕುಡಿ ‘ಪೊತೊಮೆಕ್’, ಅಂದರೆ ಆಮೇಲೆ ಬರುವವನು. ಬಟ್ಟೆಯ ಮುಂಭಾಗಕ್ಕೂ ‘ಪ್ರ್ಶೆದೆಕ್’ ಅಂತಲೇ ಹೆಸರು. ನಾನಿದ್ದ ಮನೆಯ ಅಜ್ಜಿ ಸ್ವೆಟರ್ ಹೆಣೆಯುತ್ತಾ ‘ಪ್ರ್ಶೆದೆಕ್ ಮುಗಿಯಿತು’ ಅಂದಾಗ, ಯಾರೋ ಹಿರಿಯರು ತೀರಿಕೊಂಡರು ಅಂದುಕೊಂಡು ಸುಮ್ನೆ ಮುಖ ಸಪ್ಪೆ ಮಾಡಿ ಕೂತಿದ್ದೆ. ಅಜ್ಜಿ ತೋಳು ಶುರು ಮಾಡಿದರು.