ಹೊಟ್ಟೆಯನ್ನು ಮುಟ್ಟಿ ಮನಸ್ಸಿನ ಒತ್ತಡವನ್ನು ತಿಳಿಯಬಹುದೇ?

ಚೀನಾದಿಂದ ಬಂದು ಜಪಾನಿನಲ್ಲಿ ಬೆಳೆದ ಸಾಂಪ್ರದಾಯಿಕ ಗಿಡಮೂಲಿಕೆ ವೈದ್ಯಪದ್ಧತಿಯಾದ ಕಾಂಪೊದ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿಯೇ ಮಾನಸಿಕ ಒತ್ತಡವನ್ನು ಗುರುತಿಸುತ್ತಾರಂತೆ, ಇದರಲ್ಲಿ ಹುರುಳಿದೆಯೇ ಎಂದು ಕೇಳಿದ್ದೀರಿ. ಹುರುಳಿದೆ, ಆದರೆ ಆ ಪರೀಕ್ಷೆಯನ್ನು ಒತ್ತಡದ ಅಳತೆಗೋಲೆಂದು ತಿಳಿಯಬಾರದು ಎಂಬುದು ಈ ಪದ್ಧತಿಯ ಬಗ್ಗೆ ಆಸಕ್ತಿಯಿಂದ ಓದುತ್ತ ಬಂದಿರುವ ನನ್ನ ಅಭಿಪ್ರಾಯ.

ಫುಕುಶಿನ್ ಎಂಬ ಈ ಉದರ ಪರೀಕ್ಷೆ ಚೀನಾಕ್ಕಿಂತ ಜಪಾನಿನಲ್ಲೇ ಹೆಚ್ಚು ಬೆಳೆಯಿತು. ಜಪಾನಿನ ವೈದ್ಯ ಯೊಶಿಮಾಸು ತೋದೊ (1702–1773) ಅದಕ್ಕೆ ರೋಗನಿರ್ಣಯದಲ್ಲಿ ಪ್ರಧಾನ ಸ್ಥಾನ ಕೊಟ್ಟರು. ಆಧುನಿಕ ವೈದ್ಯರು ರೋಗಿಯ ಮಂಡಿಗಳನ್ನು ಮಡಚಿಸಿ, ಹೊಟ್ಟೆಯ ಸ್ನಾಯುಗಳನ್ನು ಸಡಿಲಗೊಳಿಸಿ, ಒಳಗಿನ ಅಂಗಗಳನ್ನು ತಡವಿ ನೋಡುತ್ತಾರೆ. ಕಾಂಪೊ ವೈದ್ಯರಾದರೋ ಕಾಲು ಚಾಚಿಸಿಯೇ ಮಲಗಿಸುತ್ತಾರೆ, ಏಕೆಂದರೆ ಅವರಿಗೆ ಬೇಕಿರುವುದು ಆ ಸ್ನಾಯುಗಳ ಬಿಗಿತವೇ. ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳಿಗೆ ಪ್ರತಿರೋಧ, ರೋಗಿಗೆ ಅಹಿತ ಕಂಡರೆ ಅದು ಕ್ಯೋಕ್ಯೋ ಕುಮಾನ್. ಆಗ ಸೈಕೊ ಎಂಬ ಬೇರು ಸೇರಿದ ಔಷಧಗಳನ್ನು ಯೋಚಿಸುತ್ತಾರೆ. ಅದರ ಜೊತೆಗೆ ಹೊಕ್ಕುಳಿನ ಬಳಿ ನಾಡಿಮಿಡಿತ ಜೋರಾಗಿ ಸಿಕ್ಕಿ, ನಿದ್ರಾಹೀನತೆ, ಕಳವಳಗಳೂ ಇದ್ದರೆ ಸೈಕೊ-ಕಾ-ರ್ಯೂಕೊತ್ಸು-ಬೊರೇ-ತೊ ಎಂಬ ಔಷಧ ನೆನಪಾಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿರುವುದನ್ನು 'ಕಿ' ಎಂಬ ಜೀವಶಕ್ತಿಯ ತಡೆಯೆಂದು ಬಗೆದು ಹಾಂಗೆ-ಕೊಬೊಕು-ತೊ ಎಂಬ ಔಷಧ ಕೊಡುತ್ತಾರೆ.

ಕಳವಳದಲ್ಲಿರುವವರ ಉಸಿರು ಮೇಲುಮೇಲಿನದಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹೃದಯದ ಬಡಿತ ಜೋರಾಗುತ್ತದೆ. ಆದ್ದರಿಂದ ಅದರ ಗುರುತು ಹೊಟ್ಟೆಯ ಮೇಲೆ ಕಾಣಿಸಿಕೊಂಡರೆ ಆಶ್ಚರ್ಯವೇನೂ ಇಲ್ಲ. ತೊಡಕಿರುವುದು ಹಿಮ್ಮುಖವಾಗಿ, ಅಂದರೆ ಹೊಟ್ಟೆಯ ಗುರುತಿನಿಂದ ಒತ್ತಡವನ್ನು ಊಹಿಸುವಾಗ. ತೆಳ್ಳಗಿನ ಮೈಕಟ್ಟಿನವರಲ್ಲಿ ಯಾವ ಚಿಂತೆ ಇಲ್ಲದಿದ್ದರೂ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಮಿಡಿತ ಕೈಗೆ ಸಿಗುತ್ತದೆ. ಹೊಟ್ಟೆಯಷ್ಟೇ ಅಲ್ಲ, ನಾಲಿಗೆಯ ವಿಷಯದಲ್ಲೂ ಇದೇ ತೊಡಕು: ನಾಲಿಗೆಯ ಅಂಚಿನ ಹಲ್ಲಿನ ಗುರುತನ್ನು ಕಾಂಪೊ ದೇಹದ ನೀರಿನ ಅಸಮತೋಲನಕ್ಕೆ ಹೊಂದಿಸುತ್ತದೆ. ಒತ್ತಡದಿಂದ ಹಲ್ಲು ಬಿಗಿಹಿಡಿಯುವವರಲ್ಲೂ, ಥೈರಾಯ್ಡ್ ಕೊರತೆಯಿಂದ ನಾಲಿಗೆ ಊದಿಕೊಂಡವರಲ್ಲೂ ಅದು ಇರಬಹುದು. ಮುಖ್ಯವಾಗಿ, ಈ ಚಿಹ್ನೆಗಳೆಲ್ಲ ಸೇರಿ ಸೂಚಿಸುವ 'ಶೋ' ಯಾವ ಔಷಧ ಹೊಂದುತ್ತದೆ ಎಂಬುದರ ನಿರ್ಣಯವೇ ಹೊರತು ಕಾಯಿಲೆಯ ಕಾರಣದ ನಿರ್ಣಯವಲ್ಲ. ಒತ್ತಡ ಎಷ್ಟಿದೆ, ಎಲ್ಲಿಂದ ಬಂದಿದೆ ಎಂಬುದನ್ನು ರೋಗಿಯನ್ನೇ ಕೇಳಿ ತಿಳಿಯಬೇಕು.

ಜಪಾನಿನಲ್ಲಿ ಕಾಂಪೊ ಔಷಧ ಬರೆದುಕೊಡುವವರು ಆಧುನಿಕ ವೈದ್ಯಪದವಿ ಪಡೆದವರೇ. 1976ರಿಂದ ಇಂಥ ಬಹಳಷ್ಟು ಔಷಧಗಳು ಆರೋಗ್ಯ ವಿಮೆಯಲ್ಲೂ ಸೇರಿವೆ. ಹಾಗಾಗಿ ಹೊಟ್ಟೆ ಮುಟ್ಟಿದ ವೈದ್ಯರೇ ರಕ್ತಪರೀಕ್ಷೆಯನ್ನೂ ಬರೆಯಬಲ್ಲರು. ಅಂತರ್ಜಾಲದ ಚಿತ್ರ ನೋಡಿ ಸ್ವತಃ ಪರೀಕ್ಷಿಸಿಕೊಳ್ಳುವವರಿಗೆ ಈ ಆಸರೆಯಿಲ್ಲ. ನುಂಗಲು ಕಷ್ಟವಾದರೆ, ತೂಕ ಇಳಿಯುತ್ತಿದ್ದರೆ, ವಯಸ್ಸಾದವರ ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆಯಂತೆ ಸಿಕ್ಕರೆ, ದಯವಿಟ್ಟು ಒತ್ತಡವೆಂದುಕೊಂಡು ಸುಮ್ಮನಿರದೆ ಕೂಡಲೇ ವೈದ್ಯರನ್ನು ಕಾಣಿರಿ. ಔಷಧವನ್ನೂ ತಾವಾಗಿ ತರಿಸಿಕೊಳ್ಳಬೇಡಿ: ಅನೇಕ ಕಾಂಪೊ ಔಷಧಗಳಲ್ಲಿ ಜೇಷ್ಠಮಧುವಿದ್ದು, ಅದು ಹೆಚ್ಚಾದರೆ ರಕ್ತದ ಪೊಟ್ಯಾಸಿಯಂ ಕುಸಿದು ರಕ್ತದೊತ್ತಡ ಏರುತ್ತದೆ.