ಬೇರೆ ಮೆಂಟರ್ ಬೇಕು ಅಂದಳಂತೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಬಂದಿದ್ದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ನನ್ನಿಂದ ಏನು ಕಡಿಮೆಯಾಯ್ತು ಮೇಡಂ?"

ಸಮಾಲೋಚನೆಗೆಂದು ನನ್ನ ಬಳಿ ಬಂದವರು ಕೂರುವ ಮೊದಲೇ ಕೇಳಿದ್ದು ಇದನ್ನು. ಒಂದೇ ಸಂಸ್ಥೆಯಲ್ಲಿ 22 ವರ್ಷ ದುಡಿದ ಹಿರಿಯರು. ಹೊಸದಾಗಿ ಸೇರಿದ ಯುವತಿಯೊಬ್ಬರಿಗೆ ಎಚ್.ಆರ್. (ಸಿಬ್ಬಂದಿ) ವಿಭಾಗ ಇವರನ್ನು ಮೆಂಟರ್, ಅಂದರೆ ಮಾರ್ಗದರ್ಶಕ, ಮಾಡಿತ್ತು. ಏಳನೇ ತಿಂಗಳಲ್ಲಿ ಆಕೆ ಬೇರೆ ಮೆಂಟರ್ ಬೇಕೆಂದು ಬರೆದುಕೊಟ್ಟರು. ಕಾರಣ ಬರೆದಿರಲಿಲ್ಲ. ಅಂದಿನಿಂದ ಇವರಿಗೆ ಸರಿಯಾಗಿ ನಿದ್ದೆ ಇಲ್ಲ, ಕಚೇರಿಯಲ್ಲಿ ಆಕೆ ಎದುರಾದರೆ ದಾರಿ ಬದಲಿಸುತ್ತಾರೆ.

ಮೊದಲ ದಿನ ನಾನು ಹೆಚ್ಚು ಮಾತಾಡಲಿಲ್ಲ. ಪ್ರತಿ ಭೇಟಿಗೂ ತಯಾರಿಸಿಕೊಂಡ ಟಿಪ್ಪಣಿಗಳ ಫೈಲನ್ನೇ ಅವರು ತಂದಿದ್ದರು. ಓದಿದೆ. ಅದರಲ್ಲಿದ್ದ ಕಾಳಜಿ ನಿಜವಾದದ್ದು. ಅದನ್ನು ಅವರಿಗೆ ಹೇಳಿದೆ ಕೂಡ, ಏಕೆಂದರೆ ಅವರ ನೋವಿನ ಬುಡ ಇದ್ದದ್ದು ಅಲ್ಲೇ: ಇಷ್ಟೆಲ್ಲ ಕೊಟ್ಟದ್ದು ಯಾರ ಕಣ್ಣಿಗೂ ಬೀಳಲಿಲ್ಲ ಅನ್ನುವುದು.

ಎರಡನೇ ಭೇಟಿಯಲ್ಲಿ, ಯಾವುದಾದರೂ ಒಂದು ದಿನದ ಮಾತುಕತೆಯನ್ನು ನೆನಪಿಸಿಕೊಂಡು ಯಾರು ಎಷ್ಟು ಹೊತ್ತು ಮಾತಾಡಿದರು ಹೇಳಿ ಅಂದೆ. ಲೆಕ್ಕ ಹಾಕಿದವರು ಅವರೇ. 60 ನಿಮಿಷದಲ್ಲಿ ಸುಮಾರು 45 ಅವರದ್ದು.

"ಅವತ್ತು ಆಕೆ ಏನು ಕೇಳೋಕೆ ಬಂದಿದ್ರು?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದಾಗಿ ಹೊರಬಂತು. ಕೆಲಸದ ಹೊರೆ ಹೆಚ್ಚಾಗಿದೆ, ಮ್ಯಾನೇಜರ್‌ಗೆ ಹೇಗೆ ಹೇಳಲಿ ಎಂದು ಆಕೆ ಎರಡು ಸಲ ಕೇಳಿದ್ದರು. ಎರಡು ಸಲವೂ ಇವರು ತಾವು ಆ ಕಾಲದಲ್ಲಿ ಹೇಗೆ ದುಡಿದೆವು ಎಂದು ವಿವರಿಸಿದ್ದರು. ಬಳಿಕ, ಸಹಾಯ ಮಾಡುವ ಮನಸ್ಸಿನಿಂದಲೇ, ತಾವೇ ಹೋಗಿ ಆ ಮ್ಯಾನೇಜರ್ ಹತ್ತಿರ "ಆಕೆಗೆ ಕೆಲಸ ಜಾಸ್ತಿ ಆಗಿದೆಯಂತೆ, ಸ್ವಲ್ಪ ನೋಡಿ" ಅಂದಿದ್ದರು. ಆಕೆಯ ಕೆಲಸಕ್ಕೆ ಅಂಕ ಕೊಡುವ ಅಪ್ರೈಸಲ್‌ಗೆ ಆಗ ಮೂರು ವಾರ ಇತ್ತು.

ಯುವತಿಯ ಮಾತನ್ನು ನಾನು ಕೇಳಿಲ್ಲ. ಆದರೂ ಗಂಟು ಇಲ್ಲೇ ಬಿದ್ದಿರಬೇಕು ಅನ್ನಿಸಿತು. ಆಕೆ ನಂಬಿ ಹೇಳಿದ ಮಾತು, ಆಕೆಯ ಅಂಕ ನಿರ್ಧರಿಸುವವರ ಕಿವಿಗೆ ಆಕೆಯನ್ನು ಕೇಳದೆಯೇ ಹೋಗಿತ್ತು.

ಅವರಿಗೆ ನಾನು ವಿವರಿಸಿದ್ದು ಇಷ್ಟು. ಮೆಂಟರಿಂಗ್ ಅನ್ನು ನೀವು ದಾನದಂತೆ ನೋಡಿದಿರಿ. ದಾನದಲ್ಲಿ ಕೊಟ್ಟವನ ಮನಸ್ಸೇ ಅಳತೆ. ಮೆಂಟರಿಂಗ್ ಒಂದು ಸೇವೆ. ಸೇವೆ ಚೆನ್ನಾಗಿತ್ತೇ ಎಂದು ಹೇಳಬೇಕಾದವರು ಅದನ್ನು ಪಡೆದವರು. ಸೇವೆಯ ಗುಣಮಟ್ಟದ ಬಗ್ಗೆ ಪರಶುರಾಮನ್, ಜೈತಾಮಲ್, ಬೆರ್ರಿ ಎಂಬ ಮೂವರು ಸಂಶೋಧಕರು 1985ರಲ್ಲಿ ಒಂದು ಮಾದರಿ ಮುಂದಿಟ್ಟರು. ಅದರಲ್ಲಿ ಅವರು ಗುರುತಿಸಿದ ಮೊದಲ ಅಂತರವೇ ಇದು: ಪಡೆಯುವವರು ಬಯಸುವುದು ಒಂದು, ಅವರು ಬಯಸುತ್ತಾರೆಂದು ಕೊಡುವವರು ಅಂದುಕೊಂಡಿರುವುದು ಇನ್ನೊಂದು. ಆಕೆ ಕೇಳಿದ್ದು ಒಂದು ಕಷ್ಟದ ಮಾತನ್ನು ಆಡುವ ಬಗೆ. ನೀವು ಕೊಟ್ಟದ್ದು ನಿಮ್ಮ ಅನುಭವ.

"ಹಾಗಾದ್ರೆ ನಾನು ಸೋತೆ ಅಂತಲೇ?"

ಇಲ್ಲ ಅಂದೆ. ಮೆಂಟರ್ ಸಂಬಂಧಗಳನ್ನು ಅಧ್ಯಯನ ಮಾಡಿ 1983ರಲ್ಲಿ ಸಂಶೋಧಕಿ ಕ್ಯಾಥಿ ಕ್ರಾಮ್ ನಾಲ್ಕು ಹಂತಗಳನ್ನು ಗುರುತಿಸಿದರು: ಆರಂಭ, ಬೆಳವಣಿಗೆ, ಅಗಲಿಕೆ, ಹೊಸ ರೂಪ. ಅಗಲಿಕೆಯೂ ಸಂಬಂಧದ ಒಳಗಿನದೇ. ನಿಮಗದು ಬೇಗ ಬಂತು, ನೋಯಿಸಿ ಬಂತು. ಆಕೆ ಕೃತಘ್ನರಲ್ಲ.

ನಾನು ಕೊಟ್ಟ ಸಲಹೆ: ಕಾರಣ ಕೇಳಲು ಹೋಗಬೇಡಿ, ಅದು ಆಕೆಗೆ ಮತ್ತೊಂದು ಹೊರೆ. ಮ್ಯಾನೇಜರ್ ಹತ್ತಿರ ಮಾತಾಡಿದ್ದಕ್ಕೆ ಮಾತ್ರ ಕ್ಷಮೆ ಕೇಳಿ, ಎರಡು ಸಾಲಿನಲ್ಲಿ. ಒಳ್ಳೆಯ ಉದ್ದೇಶದಿಂದ ಮಾಡಿದೆ ಅನ್ನುವುದನ್ನು ಸೇರಿಸಬೇಡಿ. ಸೇರಿಸಿದರೆ ಕ್ಷಮಿಸಲೇಬೇಕಾದ ಒತ್ತಡ ಆಕೆಯ ಮೇಲೆ ಬೀಳುತ್ತದೆ. ಇದನ್ನು ಒಪ್ಪಿಕೊಳ್ಳಲು ಅವರಿಗೆ ತುಂಬ ಕಷ್ಟವಾಯಿತು. ಒಂದಿಡೀ ಭೇಟಿ ಇದಕ್ಕೇ ಹೋಯಿತು.

ಮುಂದೆ ಮತ್ತೆ ಯಾರಿಗಾದರೂ ಮೆಂಟರ್ ಆದರೆ ಮೊದಲ ದಿನವೇ "ನನ್ನಿಂದ ನಿಮಗೆ ಏನಾಗಬೇಕು? ಯಾವ ಮಾತು ಈ ಕೋಣೆ ದಾಟಬಾರದು?" ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ ಅಂದೆ. ಟಿಪ್ಪಣಿ ಬರೆಯುವ ಅಭ್ಯಾಸ ಇದ್ದೇ ಇದೆ, ಅದು ಅಲ್ಲಿ ಕೆಲಸಕ್ಕೆ ಬರಲಿ.

ಎಚ್.ಆರ್. ವಿಭಾಗದ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಲಾರೆ. ಅವರ ಫಾರಂನಲ್ಲಿದ್ದ ಪ್ರಶ್ನೆ ಎಷ್ಟು ಭೇಟಿ ನಡೆಯಿತು ಅನ್ನುವುದೊಂದೇ. ಗೌಪ್ಯತೆಯ ನಿಯಮ ಇರಲಿಲ್ಲ, ಮೆಂಟರ್‌ಗೆ ತರಬೇತಿ ಇರಲಿಲ್ಲ. ಮೂರನೇ ತಿಂಗಳಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದರೆ, ಯಾರಿಗೂ ಅವಮಾನವಾಗದೆ ಜೋಡಿ ಬದಲಿಸುವ ದಾರಿ ಇದ್ದಿದ್ದರೆ, ಇವರು ನನ್ನ ಬಳಿ ಬರಬೇಕಾಗುತ್ತಿರಲಿಲ್ಲ. ಇದನ್ನು ಸಂಸ್ಥೆಗೆ ಬರೆದು ಕೊಡುವಂತೆ ಅವರಿಗೆ ಹೇಳಿದೆ, ಕೊಟ್ಟರು.

ಕ್ಷಮೆಯ ಎರಡು ಸಾಲಿಗೆ ಆಕೆಯಿಂದ ಬಂದ ಉತ್ತರ ಒಂದೇ ಸಾಲು: "ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್." ಆಕೆಗೆ ಬೇರೆ ಮೆಂಟರ್ ಸಿಕ್ಕರು. ಕೊನೆಯ ಭೇಟಿಗೆ ಬಂದಾಗ ಅವರ ಕೈಯಲ್ಲಿ ಫೈಲ್ ಇರಲಿಲ್ಲ. ಹಿಂದಿನ ವಾರ ಎದುರಾದಾಗ ದಾರಿ ಬದಲಿಸಲಿಲ್ಲ, ಆಕೆಯೇ ಮೊದಲು ನಕ್ಕರು ಅಂದರು.