ಆರ್ಕೆಸ್ಟ್ರಾ ಕಾಯ್ತಾ ಕೂತಿರೋದನ್ನ ಬರೀರಿ

ನಮಸ್ಕಾರ. ಲೇಖನ ಪೂರ್ತಿ ಓದ್ದೆ. ಈಗಿರೋ ಹಂಗೆ ಹಾಕಕ್ಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಆದ್ರೆ "ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇವೆ" ಅಂತ ಒಂದು ಸಾಲು ಬರ್ದು ಕೈತೊಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ, ಯಾಕಂದ್ರೆ ನೀವು ಆರಿಸ್ಕೊಂಡಿರೋ ವಿಷ್ಯ ಅಷ್ಟು ಚೆನ್ನಾಗಿದೆ. 2003ರಲ್ಲಿ ಬರ್ಲಿನ್‌ನ ವಾಲ್ಡ್‌ಬ್ಯೂನೆ ಬಯಲು ರಂಗಮಂದಿರದಲ್ಲಿ ಪಿಯಾನೋದ ಮಾರ್ಕಸ್ ರಾಬರ್ಟ್ಸ್, ಬೇಸ್‌ನಲ್ಲಿ ರೋಲಂಡ್ ಗೆರಿನ್, ಡ್ರಮ್ಸ್‌ನಲ್ಲಿ ಜೇಸನ್ ಮಾರ್ಸಾಲಿಸ್, ಈ ಮೂರು ಜನರ ಜಾಝ್ ಟ್ರಿಯೋ ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ಕೂತು ಕಂಡಕ್ಟರ್ ಸೇಜಿ ಓಜಾವಾ ನಿರ್ದೇಶನದಲ್ಲಿ ಅಮೆರಿಕದ ಸಂಗೀತ ರಚನಕಾರ ಜಾರ್ಜ್ ಗರ್ಶ್ವಿನ್‌ನ ರಾಪ್ಸೊಡಿ ಇನ್ ಬ್ಲೂ ಅನ್ನೋ ಕೃತಿ ನುಡಿಸಿದ್ದು. ಆ ರೆಕಾರ್ಡಿಂಗ್ ಕೇಳಿ ನೀವು ಮೈಮರ್ತಿದೀರ, ಅದು ಪ್ರತಿ ಪ್ಯಾರಾದಲ್ಲೂ ಗೊತ್ತಾಗುತ್ತೆ.

ತೊಂದ್ರೆ ಏನಂದ್ರೆ ನೀವು ಮೈಮರ್ತಿದ್ದೀರ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. "ಅದ್ಭುತ", "ರೋಮಾಂಚಕ", "ಮಾತಿಗೆ ನಿಲುಕದ" ಇವೆಲ್ಲ ಮೊದಲನೇ ಪುಟದಲ್ಲೇ ಬಂದೋಗಿವೆ, ಅದೇ ಪುಟದಲ್ಲಿ ಒಂದೇ ಒಂದು ಸಲನೂ ಯಾವ ವಾದ್ಯ ಏನು ಮಾಡ್ತು ಅಂತ ಇಲ್ಲ. ಶುರುವಲ್ಲಿ ಬರೋ ಕ್ಲಾರಿನೆಟ್ ತಗೊಳ್ಳಿ. ನೀವು "ಮನಮಿಡಿಯುವ ಆರಂಭ" ಅಂತ ದಾಟಿಬಿಟ್ರಿ. ಗರ್ಶ್ವಿನ್ ಅಲ್ಲಿ ಬರ್ದಿದ್ದು ಒಂದು ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನ ಬೇಗಬೇಗ ಅದಲುಬದಲು ಮಾಡಿ ನುಡಿಸೋದು), ಅದಾದ್ಮೇಲೆ ಬಿಡಿಬಿಡಿಯಾಗಿ ಮೇಲಕ್ಕೆ ಹತ್ತೋ 17 ಸ್ವರ. ಕೃತಿಯ ಮೊದಲ ಪ್ರದರ್ಶನದ ರಿಹರ್ಸಲ್‌ನಲ್ಲಿ ರಾಸ್ ಗೋರ್ಮನ್ ಅನ್ನೋ ಕ್ಲಾರಿನೆಟ್ ವಾದಕ ತಮಾಷೆಗೆ ಆ ಸ್ವರಗಳನ್ನ ಬಿಡಿಸಿ ನುಡಿಸದೆ ಒಂದೇ ಎಳೆತದಲ್ಲಿ ಅಳೋ ಥರ ಜಾರಿಸ್ಕೊಂಡು ಹೋದ, ಗರ್ಶ್ವಿನ್‌ಗೆ ಅದು ಎಷ್ಟು ಹಿಡಿಸ್ತು ಅಂದ್ರೆ ಕಛೇರೀಲೂ ಹಂಗೇ ನುಡಿಸು ಅಂದ್ರು. ಇವತ್ತು ಜಗತ್ತೆಲ್ಲ ಕೇಳೋದು ಆ ಜಾರಿಕೆಯನ್ನೇ. ಇದು ನಿಮ್ಮ ಲೇಖನಕ್ಕೆ ಬರೀ ಸ್ವಾರಸ್ಯದ ಕಥೆ ಅಲ್ಲ, ನಿಮ್ಮ ಇಡೀ ವಾದಕ್ಕೆ ಬೇಕಾಗಿರೋ ಸಾಕ್ಷಿ, ಹೇಗೆ ಅಂತ ಹೇಳ್ತೀನಿ.

ನೀವು ಬರ್ದಿದೀರ: "ಟ್ರಿಯೋ ಈ ಶಾಸ್ತ್ರೀಯ ಕೃತಿಯ ಚೌಕಟ್ಟನ್ನು ಒಡೆದು ಹೊಸದನ್ನು ಕಟ್ಟಿತು." ಇದನ್ನ ನಾನು ಒಪ್ಪಲ್ಲ. ಯಾವ ಚೌಕಟ್ಟು ರೀ? 1924ರ ಫೆಬ್ರವರಿ 12ಕ್ಕೆ ನ್ಯೂಯಾರ್ಕ್‌ನ ಈಯೋಲಿಯನ್ ಹಾಲ್‌ನಲ್ಲಿ ಇದು ಮೊದಲ ಸಲ ಕೇಳಿಸಿದಾಗ ಹಿಂದೆ ಇದ್ದಿದ್ದು ಸಿಂಫನಿ ಆರ್ಕೆಸ್ಟ್ರಾನೇ ಅಲ್ಲ, ಪಾಲ್ ವೈಟ್‌ಮನ್‌ನ ಡ್ಯಾನ್ಸ್ ಬ್ಯಾಂಡ್, ಪಿಯಾನೋದಲ್ಲಿ 25 ವರ್ಷದ ಗರ್ಶ್ವಿನ್, ಟೈಮ್ ಸಾಲ್ದೆ ಪಿಯಾನೋ ಭಾಗ ಪೂರ್ತಿ ಬರ್ದಿರ್ಲಿಲ್ಲ, ಕೆಲವು ಕಡೆ ಅಲ್ಲೇ ಹೊಳೆದದ್ದನ್ನ ನುಡಿಸಿದ್ರು, ಬ್ಯಾಂಡಿಗೆ ಹೊಂದಿಸಿ ಬರ್ದ ಫರ್ಡಿ ಗ್ರೋಫೆಯ ಸ್ವರಲಿಪೀಲಿ ಒಂದು ಕಡೆ, ಗರ್ಶ್ವಿನ್ "ತಲೆ ಆಡಿಸೋವರ್ಗೂ ಕಾಯಿರಿ" ಅಂತ ಸೂಚನೆ ಇದೆ. ಆಮೇಲೆ 1926ರಲ್ಲಿ ಒಂದು ಅವತಾರ, ಗರ್ಶ್ವಿನ್ ತೀರ್ಕೊಂಡಿದ್ದು 1937ರಲ್ಲಿ, ಈಗ ದೊಡ್ಡ ಆರ್ಕೆಸ್ಟ್ರಾಗಳು ಸಾಮಾನ್ಯವಾಗಿ ನುಡಿಸೋ ರೂಪ ಗ್ರೋಫೆ 1942ರಲ್ಲಿ ಮಾಡಿದ್ದು. ಅಂದ್ರೆ, ಆ ಕ್ಲಾರಿನೆಟ್ ಜಾರಿಕೆಯೂ ಹೇಳೋ ಹಂಗೆ, ಅಲ್ಲೇ ಹೊಳೆದದ್ದನ್ನ ನುಡಿಸೋ ಮನೋಧರ್ಮಕ್ಕೆ ಜಾಗ ಬಿಟ್ಕೊಂಡೇ ಹುಟ್ಟಿದ ಕೃತಿ ಇದು, ಆಮೇಲಾಮೇಲೆ ಅಚ್ಚಾಗಿ ಗಟ್ಟಿಯಾಗಿದ್ದು. ರಾಬರ್ಟ್ಸ್ ಆ ಜಾಗವನ್ನ ವಾಪಸ್ ತೆಗ್ದಿದ್ದಾರೆ, ಅದೂ ಒಬ್ರೇ ಅಲ್ಲ, ಪಿಯಾನೋ ಒಂಟಿಯಾಗಿ ನುಡಿಸ್ತಿದ್ದ ಜಾಗಕ್ಕೆ ಬೇಸ್ ಡ್ರಮ್ಸ್ ಎರಡನ್ನೂ ಕರ್ಕೊಂಡು ಬಂದಿದ್ದಾರೆ. "ಒಡೆದರು" ಅನ್ನೋದನ್ನ ತೆಗೀರಿ, ಇಡೀ ಲೇಖನ ನೆಟ್ಟಗಾಗುತ್ತೆ.

ಟ್ರಿಯೋ ನುಡಿಸೋದನ್ನ ನೀವು ತನಿ ಆವರ್ತನಕ್ಕೆ, ಅಂದ್ರೆ ಕರ್ನಾಟಕ ಸಂಗೀತ ಕಛೇರೀಲಿ ತಾಳವಾದ್ಯದವರು ಮಾತ್ರ ನುಡಿಸೋ ಭಾಗಕ್ಕೆ, ಹೋಲಿಸಿರೋದಕ್ಕೆ ಬರ್ತೀನಿ. ನಮ್ಮ ಓದುಗರಿಗೆ ಹತ್ರ ಆಗ್ಲಿ ಅಂತ ತಂದಿದೀರ, ಉದ್ದೇಶ ಒಳ್ಳೇದೇ. ಆದ್ರೆ ಮೃದಂಗದವರು ತನಿ ನುಡಿಸುವಾಗ ಗಾಯಕರು ತೊಡೆ ಮೇಲೆ ತಾಳ ಹಾಕ್ತಾನೇ ಇರ್ತಾರೆ, ಸಭೇಲಿ ಅರ್ಧ ಜನನೂ ಹಾಕ್ತಿರ್ತಾರೆ, ತನಿ ಮುಗಿಸೋ ಮೋರಾ ಬಂತು ಅಂದ್ರೆ ಎಲ್ಲಿ ಎತ್ಕೋಬೇಕು ಅಂತ ಎಲ್ರಿಗೂ ಗೊತ್ತು. ಇಲ್ಲಿ ಟ್ರಿಯೋ ಬಿಚ್ಕೊಂಡು ಹೊರಟಾಗ ಹಿಂದೆ ಕೂತಿರೋ ಅಷ್ಟೂ ಜನಕ್ಕೆ ಎಷ್ಟೊತ್ತು ಅನ್ನೋ ಲೆಕ್ಕ ಹಾಳೇಲಿ ಇರಲ್ಲ. ವಯೊಲಿನ್ ಮಡಿಲಲ್ಲಿ ಇಟ್ಕೊಂಡು ಕಾಯ್ಬೇಕು, ಪಿಯಾನೋ ತಿರುಗಿ ಗೊತ್ತಿರೋ ಜಾಗಕ್ಕೆ ಬರೋದನ್ನ ಕಂಡಕ್ಟರ್ ಕಿವಿಕೊಟ್ಟು ಹಿಡಿದು ಕೋಲು ಎತ್ಬೇಕು, ಅಷ್ಟೂ ಜನ ಒಂದೇ ಉಸಿರಲ್ಲಿ ಒಳಗೆ ಬರ್ಬೇಕು. ನಂಗೆ ಈ ಇಡೀ ಕಛೇರಿಯ ಜೀವ ಇರೋದೇ ಅಲ್ಲಿ ಅನ್ಸುತ್ತೆ, ನಿಮ್ಮ ಲೇಖನದಲ್ಲಿ ಅದಕ್ಕೆ ಅರ್ಧ ವಾಕ್ಯನೂ ಇಲ್ಲ!

ಇದಕ್ಕೇ ಸೇರ್ಕೊಂಡಿರೋ ಇನ್ನೊಂದು. ರಾಬರ್ಟ್ಸ್‌ಗೆ ಐದನೇ ವಯಸ್ಸಿಂದ ಕಣ್ಣು ಕಾಣಲ್ಲ. ನೀವು ಅದನ್ನ "ಅಂಧತ್ವವನ್ನು ಮೆಟ್ಟಿ ನಿಂತ ಸಾಧಕ" ಅಂತ ಒಂದು ಪ್ಯಾರಾ ಮಾಡಿ ಬೇರೆ ಇಟ್ಟಿದೀರ. ಆ ಪ್ಯಾರಾ ಖಂಡಿತ ಬೇಡ, ಅವರು 1980ರ ದಶಕದಲ್ಲೇ ಜಾಝ್ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಬ್ಯಾಂಡ್‌ನಲ್ಲಿ ನುಡಿಸಿ ಹೆಸರು ಮಾಡಿದವರು, ಅವರಿಗೆ ನಮ್ಮ ಅನುಕಂಪ ಯಾಕೆ? ಅದನ್ನ ಸಂಗೀತದ ಒಳಗೆ ತನ್ನಿ. ಸೋಲೋ ನುಡಿಸೋರಿಗೆ ಕಂಡಕ್ಟರ್ ಕೋಲು ಕಾಣಲ್ಲ, ಆರ್ಕೆಸ್ಟ್ರಾ ಆ ಕೋಲನ್ನೇ ನಂಬ್ಕೊಂಡು ಕೂತಿದೆ, ಹಂಗಿದ್ದೂ ಇಬ್ರೂ ಒಟ್ಟಿಗೆ ಇಳೀತಾರೆ ಅಂದ್ರೆ ಅಲ್ಲಿ ಕೇಳಿಸ್ಕೊಳ್ಳೋ ಕೆಲ್ಸ ಎಷ್ಟು ನಡೀತಿರ್ಬೇಕು, ಅದನ್ನ ಬರೀರಿ.

ಲಯದ ಬಗ್ಗೆನೂ ಏನೂ ಇಲ್ಲ. ಜಾಝ್ ಡ್ರಮ್ಮರ್ ಸಿಂಬಲ್ ಮೇಲೆ ಸ್ವಿಂಗ್ ಹಿಡ್ದಾಗ ಒಂದು ಬೀಟಿನ ಎರಡು ಪಾಲು ಸಮ ಇರಲ್ಲ, ಮೊದಲನೇದು ಉದ್ದ ಎರಡನೇದು ಗಿಡ್ಡ, ಸಿಂಫನಿಯೋರು ಚಿಕ್ಕಂದಿನಿಂದ ಎರಡನ್ನೂ ಸಮ ನುಡಿಸಿ ಬೆಳೆದವರು. ಇವೆರಡೂ ಪಕ್ಕಪಕ್ಕ ಕೂತಾಗ ಎಲ್ಲಿ ಹೊಂದುತ್ತೆ ಎಲ್ಲಿ ಸ್ವಲ್ಪ ಉಜ್ಜುತ್ತೆ ಅಂತ ಹೆಡ್‌ಫೋನ್ ಹಾಕ್ಕೊಂಡು ಡ್ರಮ್ಸ್ ಮಾತ್ರ ಹಿಂಬಾಲಿಸಿ ಒಂದು ಸಲ ಕೇಳಿ. ಉಜ್ಜೋ ಜಾಗ ಸಿಕ್ರೆ ಮುಚ್ಚಿಡ್ಬೇಡಿ, ಮೆಚ್ಚಿದ್ದೀನಿ ಅನ್ನೋ ಕಾರಣಕ್ಕೆ ಬರೀ ಹೊಗಳ್ಬೇಕಾಗಿಲ್ಲ.

ಗರ್ಶ್ವಿನ್ ಬಾಲ್ಯದ ಎರಡು ಪುಟ ತೆಗೀರಿ. ಕೊನೇಲಿ ಸಂಗೀತಕ್ಕೆ ಗಡಿ ಇಲ್ಲ ಅಂತ ಬರ್ದಿರೋದನ್ನೂ ತೆಗೀರಿ, ನೀವು ಅಲ್ಲಿವರ್ಗೂ ಸರಿಯಾಗಿ ತೋರ್ಸಿದ್ರೆ ಅದನ್ನ ಹೇಳೋ ಅವಶ್ಯಕತೆ ಬೀಳಲ್ಲ. ನಿಧಾನಗತಿಯ ಆ ದೊಡ್ಡ ರಾಗ ತಂತಿವಾದ್ಯಗಳಲ್ಲಿ ಬರೋ ಕಡೆ ನೀವು ಬರ್ದಿರೋ ನಾಲ್ಕು ಸಾಲು ಮಾತ್ರ ಹಂಗೇ ಇರ್ಲಿ, ಅಲ್ಲಿ ನೀವು ನಿಜವಾಗ್ಲೂ ಕೇಳಿಸ್ಕೊಂಡಿದೀರ, ವಿಶೇಷಣ ಒಂದೂ ಇಲ್ಲ, ನಂಗೆ ಓದಿದ ತಕ್ಷಣ ರೆಕಾರ್ಡಿಂಗ್ ಹಾಕ್ಬೇಕು ಅನ್ನಿಸ್ತು. ಉಳಿದದ್ದನ್ನೂ ಆ ಮಟ್ಟಕ್ಕೆ ತಂದು 1200 ಪದದ ಒಳಗೆ ಕಳ್ಸಿ, ಅವಸರ ಇಲ್ಲ, ಬಂದ ತಕ್ಷಣ ನಾನೇ ಓದ್ತೀನಿ.